ಕರಿ ನಾಲ್ಕರ ಪಟ್ಟಿ

ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ಬಸ್ಸು ಗೇರು ಬದಲಿಸಿದರೆ ಸುಮ್ಮನಾಗುತ್ತದೆ, ಮತ್ತೆ ಗಡಗಡ, ಇದಕ್ಕೂ ಒಂದು ಪಟ್ಟಿ ಹುಡುಕಿ ಕೊಡಬೇಕೇನು ತಿಮ್ಮಣ್ಣ, ಜನ್ಮವೆಲ್ಲ ಅದನ್ನೇ ಮಾಡಿದೆಯಲ್ಲ, ಇನ್ನೊಬ್ಬರ ಗಂಟಲಿಗೆ ಶ್ರುತಿಯ ಪಟ್ಟಿ ಹುಡುಕುವುದು — ತೊಡೆಯ ಮೇಲಿನ ಹಾರ್ಮೋನಿಯಂ ಪೇಟಿ ಕುಲುಕುತ್ತಿದೆ, ಮುಂದಿನ ಸೀಟಿನಲ್ಲಿ ಗಾಯಕಿ ಸಾವಿತ್ರಿಬಾಯಿಯ ಬೆನ್ನು ಮಾತ್ರ ಅಲ್ಲಾಡುತ್ತಿಲ್ಲ. ಸುರಪುರ ಬರುವ ತನಕ ಆಕೆ ತಿರುಗುವುದಿಲ್ಲ, ಅವನಿಗೆ ಗೊತ್ತು. ಹಿಂದೆಲ್ಲ ಹಾಡಿ ಮರಳುವಾಗ ಶಹಾಪುರ ಬಿಟ್ಟರೆ ಸಾಕು ಮಾತೋ ಮಾತು, ತಿಮ್ಮಣ್ಣ, ಎರಡನೇ ವಚನ ಹೆಂಗಾತು, ಚಲೋ ಆತ್ರಿ ಅಕ್ಕಾರ, ಬರೇ ಚಲೋ ಅಂದ್ರ ಏನಪಾ, ಬಿಚ್ಚಿ ಹೇಳು.

ಏನು ಬಿಚ್ಚಿ ಹೇಳುವುದು, ಪೇಟಿಯವನು ಹೇಳುವವನಲ್ಲ, ಹಿಂದೆ ಹಿಂದೆ ಬರುವವನು, ಆಕೆಯ ಉಸಿರು ಸಾಲದಿದ್ದಲ್ಲಿ ಇವನ ಬೆರಳು ತುಂಬಿತು, ಸಾಲು ಮರೆತಲ್ಲಿ ಒಂದು ಸುತ್ತು ಹೆಚ್ಚು ಬಾರಿಸಿದ, ಚಪ್ಪಾಳೆ ಆಕೆಗೆ ಬಿತ್ತು, ಅದೇ ಸಾಕಾಗಿತ್ತು, ಸಾಕಾಗಿತ್ತೇ, ಇರಲಿ. ಆಮೇಲೆ ಆ ಗಂಟಲು ದಣಿಯಿತು, ಮೇಲಿನ ಷಡ್ಜಕ್ಕೆ ಏರಿದರೆ ಸೀಳತೊಡಗಿತು, ದೇವಾಪುರದ ಶಾಲೆಯಲ್ಲಿ ಒಮ್ಮೆ, ಸಾ ಕೊಡು ತಿಮ್ಮಣ್ಣ ಅಂದಾಗ, ಆಕೆಯ ಶ್ರುತಿಯಾದ ಕರಿ ನಾಲ್ಕು, ಪೇಟಿಯ ನಾಲ್ಕನೇ ಕಪ್ಪು ಪಟ್ಟಿ, ಅದನ್ನು ಬಿಟ್ಟು ಅದಕ್ಕಿಂತ ಕೆಳಗಿನ ಪಟ್ಟಿ ಒತ್ತಿಬಿಟ್ಟ. ಕಣ್ಣು ಮುಚ್ಚಿಕೊಂಡೇ ಹಿಡಿದಳು, ಸಲೀಸಾಗಿ ಏರಿದಳು, ನೋಡಪಾ, ನನ್ನ ಧ್ವನಿ ಇನ್ನೂ ಕರಿ ನಾಲ್ಕರಾಗ ಐತಿ, ಹೌದ್ರಿ ಅಕ್ಕಾರ. ಹಾಳು ಹೌದ್ರಿ. ಮುಂದೆ ಇನ್ನೂ ಒಂದು ಪಟ್ಟಿ ಕೆಳಗೆ, ಮತ್ತೂ ಒಂದು, ಆಕೆ ಮೈಕಿನಲ್ಲೂ ಹೆಮ್ಮೆಯಿಂದ ಹೇಳಿಕೊಂಡಳು, ಇವನು ತಲೆ ತಗ್ಗಿಸಿ ತಿದಿ ಒತ್ತಿದ.

ಇವತ್ತಿನ ಕಾರ್ಯಕ್ರಮಕ್ಕೆ ಆಕೆಯ ಶಿಷ್ಯೆ ಮೌನೇಶ್ವರಿ ಹೊಸ ಎಲೆಕ್ಟ್ರಾನಿಕ್ ತಂಬೂರಿ ತಂದಿದ್ದಳು, ಪಾಪ, ಪ್ರೀತಿಗೆ ತಂದದ್ದು, ಕರಿ ನಾಲ್ಕಕ್ಕ ಇಟ್ಟೀನ್ರಿ ಅಕ್ಕಾರ, ಅದು ಝೇಂಕರಿಸತೊಡಗಿತು, ಇನ್ನು ಇವನು ಗುಟ್ಟಾಗಿ ಪಟ್ಟಿ ಇಳಿಸುವಂತಿಲ್ಲ. ಇವತ್ತ ಸ್ವಲ್ಪ ಕೆಳಗ ಇಡೋಣೇನ್ರಿ, ಮೆಲ್ಲಗೆ ಕೇಳಿದ, ಯಾಕ, ನನಗ ವಯಸ್ಸಾತೇನು, ಆಕೆ ನಕ್ಕಳು, ಆಗಲಾದರೂ ಹೇಳಬಹುದಿತ್ತು, ಕರಿ ನಾಲ್ಕನ್ನೇ ಒತ್ತಿದ. ಹಾಡು ಏರಿತು, ತುದಿಯಲ್ಲಿ ಬಾಯಿ ತೆರೆಯಿತು, ಧ್ವನಿ ಬರಲಿಲ್ಲ. ಆ ಸ್ವರವನ್ನು ಅವನು ಪೇಟಿಯಲ್ಲಿ ತುಂಬಬೇಕಿತ್ತು, ಬೆರಳು ಅಲ್ಲಿಯೇ ಕಲ್ಲಾಯಿತು. ಆಕೆ ಜನರನ್ನು ನೋಡಲಿಲ್ಲ, ಇವನ ಬೆರಳನ್ನು ನೋಡಿದಳು, ನಿನ್ನೆಯಷ್ಟೇ ಯಾದಗಿರಿಯಲ್ಲಿ ಇದೇ ಹಾಡನ್ನು, ಇವನು ಇಳಿಸಿ ಕೊಟ್ಟ ಪಟ್ಟಿಯಲ್ಲಿ, ಹೂವೆತ್ತಿದ ಹಾಗೆ ಹಾಡಿದವಳು.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೇಳಿದಳು, ಯಾವಾಗಿಂದ ನನ್ನ ಪಟ್ಟಿ ಇಳಸಾಕತ್ತಿದ್ದಿ, ನಿಮಗ ನೋವಾಗಬಾರದು ಅಂತ್ರಿ ಅಕ್ಕಾರ, ಹೇಳಿದ್ರ ನಾ ಕೆಳಗ ಹಾಡತಿದ್ದೆನಪಾ, ಕೆಳಗ ಹಾಡೋದ್ರಾಗ ಏನ ಅವಮಾನ, ನೀ ನನ್ನ ಊರ ತುಂಬ ಸುಳ್ಳುಗಾರ್ತಿ ಮಾಡಿದಿ, ಇನ್ನ ನೀ ಕೊಟ್ಟ ಸಾ ನಾ ಹೆಂಗ ನಂಬಲಿ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಬೇರೆ ಪೇಟಿಯವರು ಸಿಕ್ಕಾರು ಆಕೆಗೆ, ಸಿಗಲಿ, ಇಲ್ಲ, ಸಿಗಬಾರದು, ಆಕೆಯ ಹಾಡಿಲ್ಲದಿದ್ದರೆ ಈ ಕೈಗಳು ಯಾರ ಹಿಂದೆ ಹೋಗಬೇಕು — ಎದ್ದು ಹೋಗಿ ಅಕ್ಕಾರ ಅನ್ನಬೇಕು, ಅನ್ನು, ಏಳು — ಆದರೆ ಕಣ್ಣೆದುರು ಮತ್ತೆ ಅದೇ, ತಂಬೂರಿ ಝೇಂಕರಿಸುತ್ತಿದೆ, ಆಕೆಯ ಬಾಯಿ ತೆರೆದಿದೆ, ತೆರೆದೇ ಇದೆ, ಧ್ವನಿ ಇಲ್ಲ