ಬೇರೆ ಅಭಿಪ್ರಾಯಕ್ಕೂ ಅವಕಾಶವಿದೆ

ದೇಶದ ಬ್ಯಾಂಕುಗಳಿಗೆಲ್ಲ ದೊಡ್ಡಣ್ಣನಾಗಿದ್ದ ಆ ಕೇಂದ್ರ ಬ್ಯಾಂಕಿನ ಕಾನೂನು ವಿಭಾಗದಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ವಾಕ್ಯ ಒಂದೇ: ‘ಬೇರೆ ಅಭಿಪ್ರಾಯಕ್ಕೂ ಅವಕಾಶವಿದೆ.’ ವಕೀಲರು ಪುಟಗಟ್ಟಲೆ ‘ಕೂಡದು’ ಎಂದು ಬರೆದು ಕೊನೆಗೆ ಈ ಬಾಲ ಅಂಟಿಸಿದರೆ ಸಾಕು, ಮೇಲಿನ ಮಹಡಿಯವರು ಬಾಲವನ್ನಷ್ಟೇ ಓದಿ ತಮಗೆ ಬೇಕಾದ್ದು ಮಾಡಿಕೊಳ್ಳುತ್ತಿದ್ದರು. ನಾಳೆ ಎಡವಟ್ಟಾದರೆ ವಕೀಲರು ‘ಕೂಡದೆಂದೇ ಬರೆದಿದ್ದೆವಲ್ಲ’ ಎನ್ನುವರು, ಸಾಹೇಬರು ‘ಅವಕಾಶವಿದೆ ಅಂತ ಅವರೇ ಬರೆದಿದ್ದರಲ್ಲ’ ಎನ್ನುವರು. ಇಂಥ ಅನುಕೂಲದ ವಾಕ್ಯವನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಅಲ್ಲೊಂದು ಪ್ರತಿಮೆ ನಿಲ್ಲಿಸದೆ ಹೋದದ್ದೇ ಆಶ್ಚರ್ಯ.

ನಿಜವಾದ ಕಾರಣವಿದ್ದಾಗ ಬಿಟ್ಟರೆ ಆ ವಾಕ್ಯ ಬರೆಯದೆಯೇ ತಲೆ ನರೆಸಿಕೊಂಡವರೆಂದರೆ ಅಲ್ಲಿನ ಹಿರಿಯ ವಕೀಲೆ ಒಬ್ಬರೇ. ಹಿಂದಿನಿಂದ ಎಲ್ಲರೂ ಅವರನ್ನು ‘ತಕರಾರಮ್ಮ’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ. ಬೇಸರವಿದ್ದದ್ದು ತಮ್ಮ ಕೈಕೆಳಗೆ ಕೆಲಸ ಕಲಿತ ಇಬ್ಬರು ತಮ್ಮನ್ನು ದಾಟಿ ಮುಖ್ಯ ಸಲಹೆಗಾರರಾಗಿ ಹೋದದ್ದಕ್ಕೆ. ಈಗ ಆ ಕುರ್ಚಿ ಮತ್ತೆ ಖಾಲಿಯಾಗಿತ್ತು, ತಕರಾರಮ್ಮನಿಗೆ ಇದೇ ಕೊನೆಯ ಅವಕಾಶ. ಆಸೆ ಇರಲಿಲ್ಲವೆಂದರೆ ಸುಳ್ಳು, ತುಂಬಾ ಇತ್ತು. ಗಣಿತದ ಮೇಷ್ಟ್ರಾಗಿದ್ದ ಗಂಡ ಆಗಲೇ ನೆಂಟರಿಗೆಲ್ಲ ಡಂಗುರ ಸಾರಿಬಿಟ್ಟಿದ್ದರು.

ಉಪ ಗವರ್ನರು ಅವರನ್ನು ಕರೆಸಿದ್ದು ಆ ವಾರವೇ. ದರ್ಜಿಗಳು ಸೇರಿ ಕಟ್ಟಿಕೊಂಡಿದ್ದ ಒಂದು ಪುಟ್ಟ ಬ್ಯಾಂಕನ್ನು ಮುಚ್ಚಬೇಕಿತ್ತು. ಮಂತ್ರಿಗಳಿಗೆ ಅವಸರ.

“ಒಂದೇ ಸಾಲು ಮೇಡಂ, ಕೊನೇಲಿ. ಎಲ್ಲರೂ ಬರೀತಾರಲ್ಲ.”

“ಬೇರೆ ಅಭಿಪ್ರಾಯ ಇದ್ರೆ ನಾನೂ ಬರೀತೀನಿ ಸಾರ್. ಇಲ್ಲಿ ಇಲ್ಲ. ಮುಚ್ಚೋಕೆ ಮುಂಚೆ ಅವರನ್ನ ಕರೆದು ಕೇಳಲೇಬೇಕು ಅಂತ ಕಾನೂನಲ್ಲಿ ನೇರವಾಗೇ ಇದೆ.”

“ಅವರು ಏನು ಹೇಳ್ತಾರೆ ಅಂತ ನಮಗೆ ಗೊತ್ತಿಲ್ವಾ?”

“ಗೊತ್ತಿದ್ರೂ ಕೇಳ್ಬೇಕು.”

ಉಪ ಗವರ್ನರು ಕನ್ನಡಕ ತೆಗೆದು ಒರೆಸಿದರು. “ನಿಮ್ಮ ಬಡ್ತಿ ಫೈಲೂ ನನ್ನ ಮೇಜಿಗೇ ಬರುತ್ತೆ. ಯೋಚನೆ ಮಾಡಿ.”

ಮನೆಯಲ್ಲಿ ವಿಷಯ ಕೇಳಿ ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ. “ಒಂದು ಸಾಲು ತಾನೇ? ಬರೆದು ಬಿಸಾಕು.”

“ಅಲ್ರೀ, ಇಷ್ಟು ವರ್ಷ ಪಾಠ ಹೇಳಿದೀರ. ತಪ್ಪು ಲೆಕ್ಕಕ್ಕೆ ಯಾವತ್ತಾದ್ರೂ ಅಂಕ ಕೊಟ್ಟಿದೀರಾ?”

ಮೇಷ್ಟ್ರು ಅನ್ನ ಕಲಸುತ್ತಲೇ ನೆನಪು ಮಾಡಿಕೊಂಡರು. “ಇನ್‌ಸ್ಪೆಕ್ಟರ ಮಗನಿಗೆ ಒಂದ್ಸಲ ಕೊಟ್ಟಿದ್ದೆ.”

“ನಿಮ್ಮನ್ನ ಕೇಳಿದ್ದೇ ನನ್ನ ತಪ್ಪು,” ಎಂದರು ತಕರಾರಮ್ಮ. ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಆ ಸಿಟ್ಟು ಬೆಳಗಾದರೂ ಇಳಿಯಲಿಲ್ಲ.

ಕಚೇರಿಗೆ ಹೋದವರೇ ಅಭಿಪ್ರಾಯ ಬರೆದರು. ಕೊನೆಗೆ ಕೇಳಿದ್ದ ಒಂದು ಸಾಲಿನ ಜಾಗದಲ್ಲಿ ಎರಡು ಸಾಲು ಸೇರಿಸಿದರು: ‘ಇದರಲ್ಲಿ ಬೇರೆ ಅಭಿಪ್ರಾಯಕ್ಕೆ ಅವಕಾಶವಿಲ್ಲ. ಇದೆಯೆಂದು ಬರೆಯಲು ಉಪ ಗವರ್ನರು ನನಗೆ ಹೇಳಿದರು, ನಾನು ಒಪ್ಪಲಿಲ್ಲ.’ ಕೆಳಗೆ ರುಜು ಹಾಕಿದರು. ಕುರ್ಚಿ ಹೋಯಿತೆಂದು ಅವರಿಗೆ ಗೊತ್ತಿತ್ತು.

ಮಧ್ಯಾಹ್ನವೇ ಕರೆ ಬಂತು. “ಆ ಸಾಲು ತೆಗೀರಿ,” ಎಂದರು ಉಪ ಗವರ್ನರು. ಮುಖ ಕೆಂಪಾಗಿತ್ತು.

“ಪುಟಕ್ಕೆ ನಂಬರು ಬಿದ್ದು ಫೈಲಿಗೆ ಸೇರಿದೆ ಸಾರ್. ಇನ್ನು ತೆಗೆಯೋಕೆ ಬರಲ್ಲ. ನಾನು ತೆಗೆಯೋದೂ ಇಲ್ಲ.”

ಉಪ ಗವರ್ನರು ಅವರ ಎದುರಿಗೇ ಕಿರಿಯ ವಕೀಲನನ್ನು ಕರೆಸಿ, ಅದರ ಕೆಳಗೆ ಹೊಸ ಅಭಿಪ್ರಾಯ ಬರೆಯಲು ಹೇಳಿದರು. ಬಾಲ ಅಂಟಿಸುವುದರಲ್ಲಿ ಆತ ಎತ್ತಿದ ಕೈ. ಪೆನ್ನು ಬಿಚ್ಚಿದ, ಮೇಲಿನ ಸಾಲುಗಳನ್ನು ಓದಿದ, ಬೆವರಿದ.

“ಸಾರ್, ಇದರ ಕೆಳಗೆ ಬರೆದ್ರೆ ನನಗೂ ನೀವೇ ಹೇಳಿದ್ರಿ ಅಂತ ಆಗುತ್ತೆ,” ಎಂದು ಪೆನ್ನು ಮುಚ್ಚಿದ.

ಕುರ್ಚಿಗೆ ಹೊರಗಿನಿಂದ ಯಾರೋ ಬಂದರು. ನೆಂಟರ ಫೋನುಗಳಿಗೆ ಉತ್ತರ ಹೇಳುವ ಕೆಲಸವನ್ನು ಮೇಷ್ಟ್ರಿಗೇ ವಹಿಸಲಾಯಿತು. ದರ್ಜಿಗಳಿಗಂತೂ, ಬೇರೆ ದಾರಿ ಉಳಿಯದೆ, ವಿಚಾರಣೆಗೆ ಬರಹೇಳಿ ನೋಟೀಸು ಹೋಯಿತು.

ವಿಚಾರಣೆಯ ದಿನ ಉದ್ದನೆಯ ಮೇಜಿನ ಒಂದು ಬದಿಗೆ ಉಪ ಗವರ್ನರು, ಹೊಸ ಸಲಹೆಗಾರರು, ತುದಿಯಲ್ಲಿ ತಕರಾರಮ್ಮ. ಎದುರಿಗೆ ಪುಟ್ಟ ಬ್ಯಾಂಕಿನ ಅಧ್ಯಕ್ಷ, ತಾನೇ ಹೊಲಿದುಕೊಂಡ ಕೋಟು ತೊಟ್ಟ ಮುದುಕ. ಆತ ನೇರವಾಗಿ ಮೇಜಿನ ತುದಿಗೆ ಬಂದು ಕೈಮುಗಿದ.

“ನಮ್ಮ ಪರ ನಿಂತು ನಿಮ್ಮ ಬಡ್ತಿ ಹೋಯ್ತಂತೆ ತಾಯಿ. ಇಲ್ಲಿ ಎಲ್ಲರೂ ಹೇಳ್ತಾರೆ.”

“ನಾನು ನಿಮ್ಮ ಪರ ಅಲ್ಲ,” ಎಂದರು ತಕರಾರಮ್ಮ. “ನಿಮ್ಮ ವ್ಯವಹಾರದಲ್ಲಿ ನೂರೆಂಟು ತಪ್ಪಿದೆ, ಒಂದನ್ನೂ ಬಿಡಲ್ಲ, ಎಲ್ಲಾ ಕೇಳ್ತೀನಿ. ಹೋಗಿ ಕೂತ್ಕೊಳ್ಳಿ.”

ಮುದುಕ ಪೆಚ್ಚಾಗಿ ಕೂತ. ಉಪ ಗವರ್ನರು ಗಡಿಯಾರ ನೋಡಿ, ಬೇಗ ಮುಗಿಸಿ ಎಂದು ಕೈಸನ್ನೆ ಮಾಡಿದರು. ತಕರಾರಮ್ಮ ಅವರ ಕಡೆ ತಿರುಗಲೂ ಇಲ್ಲ.

“ನಿಧಾನವಾಗಿ ಹೇಳಿ ಯಜಮಾನ್ರೇ,” ಎಂದರು. “ಇವತ್ತು ಸಾಹೇಬರು ಕೇಳ್ಲೇಬೇಕು.”