ದೇವೀರಮ್ಮನ ತೋಳಿನ ಇರುವೆ ಸಾಲು

ನವೆಂಬರ್ ಬಂದು ಮಲ್ಲಂದೂರಿನ ಕಡೆ ಕಾಫಿ ಹಣ್ಣಾಗಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತಿದು. ತೋಟದ ಕೂಲಿಯವರ ಲೈನ್ ಮನೆಯ ಹೆಂಗಸರು ಸೀರೆಯ ಮೇಲೆ ಗಂಡಂದಿರ ಹಳೇ ತುಂಬುತೋಳಿನ ಅಂಗಿ ತೊಟ್ಟು, ಬೆಳಗಿನ ಮಂಜಿನೊಳಗೆ ಒಬ್ಬೊಬ್ಬರಾಗಿ ಕರಗಿಹೋಗುತ್ತಿದ್ದರು. ಅಂಗಿ ಚಳಿಗಲ್ಲ, ಚಗಳಿಗೆ. ಎಲೆ ಹೊಲಿದು ಗೂಡು ಕಟ್ಟುವ ಆ ಕೆಂಪಿರುವೆ ಕಚ್ಚಿದರೆ ಮೇಸ್ತ್ರಿಯಾದರೂ ಕುಣಿಯಬೇಕು, ಮಾಲೀಕರಾದರೂ ಕುಣಿಯಬೇಕು.

ಆದ್ದರಿಂದ ಎಡಗೈ ಜುಮುಜುಮು ಅಂದಾಗ ದೇವೀರಮ್ಮ ಮೊದಲು ಮಾಡಿದ್ದು ತೋಳು ಕೊಡವುವ ಕೆಲಸ. ಕೊಡವಿದಳು. ಏನೂ ಬೀಳಲಿಲ್ಲ.

"ಎಂತದೇ ಅದು, ಗಳಿಗೆಗೊಂದ್ಸಲ ಕೈ ಕೊಡವ್ತೀಯ?" ಎಂದಳು ಪಕ್ಕದ ಮನೆಯ ಗಿಡ್ಡಮ್ಮ. ಇಬ್ಬರದೂ ಕೊಯ್ಲಿನಲ್ಲಿ ಅಕ್ಕಪಕ್ಕದ ಸಾಲು.

"ಚಗಳಿ ಹೊಕ್ಕದೆ ಮಾರಾಯ್ತಿ. ಮೊಣಕೈಯಿಂದ ಕಿರುಬೆರಳಿನವರೆಗೂ ಹರಿದಾಡ್ತದೆ. ಕಣ್ಣಿಗೆ ಮಾತ್ರ ಕಾಣಲ್ಲ."

ಒಂದು ವಾರವಾಯಿತು, ತಿಂಗಳಾಯಿತು. ಕಾಣದ ಚಗಳಿ ಹೋಗಲಿಲ್ಲ. ಮಧ್ಯಾಹ್ನ ಬುತ್ತಿ ಉಂಡು ಹಾಲವಾಣದ ಮರಕ್ಕೆ ಒರಗಿದರೆ ಅವಳಿಗೆ ಒಂದೇ ಕನಸು. ತೋಳಿನ ಮೇಲೆ ಇರುವೆ ಸಾಲು ಇಳಿಯುತ್ತಿದೆ. ಒಂದೊಂದು ಇರುವೆಯ ತಲೆಯ ಮೇಲೂ ಸಾಸಿವೆಯಷ್ಟು ಹೊರೆ. ಎಲ್ಲಿಗೆ ಹೊತ್ತುಕೊಂಡು ಹೋಗುತ್ತೀರಿ ಎಂದು ಕೇಳಬೇಕೆನ್ನುವಷ್ಟರಲ್ಲಿ ಎಚ್ಚರವಾಗುತ್ತಿತ್ತು. ಎದ್ದಾಗ ಕೈ ಮರದ ಕೊರಡು.

ಗಂಡ ಭೂತಯ್ಯನಿಗೆ ಹೇಳಿದಳು. ಭೂತಯ್ಯನೆಂದರೆ ಊರಿಗೇ ಹೆಸರಾದ ಚಗಳಿ ಬೇಟೆಗಾರ. ಗೂಡಿಗೆ ಗೂಡೇ ಕೊಯ್ದು ತಂದರೆ ದೇವೀರಮ್ಮ ಉಪ್ಪು, ಖಾರ ಸೇರಿಸಿ ಅರೆದ ಚಟ್ನಿಗೆ ನೆಗಡಿಯವರೆಲ್ಲ ಬಟ್ಟಲು ಹಿಡಿದು ಬರುತ್ತಿದ್ದರು.

"ಇಪ್ಪತ್ತು ವರ್ಷ ಅರೆದು ತಿಂದಿದೀವಲ್ಲ, ಅದರ ಶಾಪವೇ ಇದು," ಎಂದ ಭೂತಯ್ಯ. "ಅವುಕ್ಕೂ ಮಕ್ಕಳು ಮರಿ ಇರಲ್ವಾ?"

ಅಂದಿನಿಂದ ಆ ಮನೆಯಲ್ಲಿ ಚಗಳಿ ಚಟ್ನಿ ಬಂದ್. ದೇವೀರಮ್ಮ ದಿನಾ ಬೆಳಿಗ್ಗೆ ಹಾಲವಾಣದ ಬುಡದಲ್ಲಿ ಚೂರು ಬೆಲ್ಲ ಇಟ್ಟು, "ತಪ್ಪಾಯ್ತು ತಾಯಂದಿರಾ, ನನ್ನ ಕೈ ನಂಗೆ ಕೊಡಿ," ಎಂದು ಕೈಮುಗಿಯುವಳು. ಚಗಳಿಗಳು ಬೆಲ್ಲ ತಿಂದವು. ಕೈ ಕೊಡಲಿಲ್ಲ.

ಒಂದು ದಿನ ಎತ್ತರದ ಕೊಂಬೆಯನ್ನು ಎಡಗೈಯಲ್ಲಿ ಬಗ್ಗಿಸಿ, ಬಲಗೈಯಲ್ಲಿ ಹಣ್ಣು ಕೀಳುತ್ತಿದ್ದಳು. ಗಿಡ್ಡಮ್ಮ ಚೀರಿದಳು.

"ಅಯ್ಯೋ, ನಿನ್ನ ಕಿರುಬೆರಳು ನೋಡೇ!"

ಬೆರಳಿಗೆ ಮೂರು ಚಗಳಿ ಕಚ್ಚಿಕೊಂಡು ನೇತಾಡುತ್ತಿದ್ದವು. ಈ ಸಲ ನಿಜವಾದ ಚಗಳಿ. ದೇವೀರಮ್ಮ ಅವನ್ನು ಬೇರೆ ಯಾರದೋ ಬೆರಳಿನ ಮೇಲಿದ್ದಂತೆ ನೋಡಿದಳು. ನೋವಿಲ್ಲ, ಉರಿಯಿಲ್ಲ. ಕಾಣದ ಇರುವೆ ಹರಿದಾಡಿದ್ದು ತಿಳಿಯುತ್ತದೆ, ಕಾಣುವ ಇರುವೆ ಕಚ್ಚಿದರೂ ತಿಳಿಯುವುದಿಲ್ಲ!

ಅವಳಿಗೆ ಸೋದರತ್ತೆ ಮುತ್ತಮ್ಮ ನೆನಪಾದಳು. ಬೆರಳು ಮಡಚಿಹೋದ ಮುತ್ತಮ್ಮ. ಗದ್ದೆಯಂಚಿನ ಗುಡಿಸಲಲ್ಲಿ ಒಬ್ಬಳೇ ಇದ್ದು, ದೂರದಿಂದ ಎಲೆಗೆ ಹಾಕಿದ ಅನ್ನ ಉಂಡು ಸತ್ತವಳು. ನನ್ನ ಕೈಯೂ ಹಾಗಾದರೆ? ಕೊಯ್ಲಿಗೆ ಕರೆಯುವವರು ಯಾರು, ಪಕ್ಕದಲ್ಲಿ ಕೂರಿಸಿಕೊಳ್ಳುವವರು ಯಾರು?

"ಯಾರಿಗೂ ಹೇಳ್ಬೇಡ ಗಿಡ್ಡಿ," ಎಂದಳು.

ಗಿಡ್ಡಮ್ಮ ಒಳ್ಳೆಯ ಗೆಳತಿ. ಆದ್ದರಿಂದಲೇ ಮಾತು ಮೀರಿದಳು. ಭಾನುವಾರ ಲೈನ್‌ಗೆ ಸರ್ವೆಗೆಂದು ಬಂದ ಆರೋಗ್ಯ ಕಾರ್ಯಕರ್ತೆ ಪ್ರೇಮಲತಾ ಸಿಸ್ಟರನ್ನು ಸೀದಾ ದೇವೀರಮ್ಮನ ಅಂಗಳಕ್ಕೆ ಕರೆತಂದಳು.

ಸಿಸ್ಟರ್ ಅಂಗಿಯ ತೋಳು ಮಡಚಿ ಎಡಗೈಯನ್ನು ಬಿಸಿಲಿಗೆ ಹಿಡಿದರು. ಮೊಣಕೈ ಹತ್ತಿರ ಅಗಲವಾದ ಮಾಸಲು ಮಚ್ಚೆ. ತುರಿಕೆಯಿಲ್ಲದ ಕಾರಣ ದೇವೀರಮ್ಮ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

"ಕಣ್ಣು ಮುಚ್ಚಿ ದೇವೀರಮ್ಮ. ಪೆನ್ನಿನ ತುದಿ ಮುಟ್ಟಿದ ಕಡೆ ಬೆರಳಿಟ್ಟು ತೋರ್ಸಿ."

ಬಲಗೈಯ ಮೇಲೆ ಮುಟ್ಟಿದಲ್ಲೆಲ್ಲ ತೋರಿಸಿದಳು. ಆಮೇಲೆ ಎಡಗೈ. ಕಣ್ಣು ಮುಚ್ಚಿಕೊಂಡೇ ಕಾದಳು. ಎಲ್ಲೋ ಕಾಜಾಣ ಕೂಗಿತು. ಮುಖದ ಮೇಲೆ ಬಿಸಿಲು ಹಿತವಾಗಿತ್ತು.

"ಮುಟ್ಟಿ ಸಿಸ್ಟರ್. ಯಾಕೆ ಸುಮ್ನೆ ಕೂತ್ರಿ?"

"ಮೂರು ಸಲ ಮುಟ್ಟಿ ಆಯ್ತು," ಎಂದರು ಸಿಸ್ಟರ್ ಮೆಲ್ಲಗೆ.

ದೇವೀರಮ್ಮ ಕಣ್ಣು ತೆರೆದಾಗ ಗಿಡ್ಡಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

"ನೋಡಿ, ಜೋಮು ಹಿಡಿಯೋದೆಲ್ಲ ಒಂದೇ ಅಲ್ಲ," ಎಂದರು ಸಿಸ್ಟರ್. "ಸಕ್ಕರೆ ಕಾಯಿಲೆಗೂ ಹಿಡೀತದೆ, ವಿಟಮಿನ್ ಕಮ್ಮಿಯಾದ್ರೂ ಹಿಡೀತದೆ, ನರ ಒತ್ತಿದ್ರೂ ಹಿಡೀತದೆ. ಆದ್ರೆ ಮುಟ್ಟಿದ್ದು ತಿಳಿಯದ ಮಚ್ಚೆ ಜೊತೆಗಿದ್ರೆ ಅದು ಕುಷ್ಠ ಇರಬಹುದು. ನಾಳೆನೇ ಸರ್ಕಾರಿ ಆಸ್ಪತ್ರೆಗೆ ಬನ್ನಿ. ಡಾಕ್ಟ್ರು ನೋಡಿ ಹೇಳ್ತಾರೆ."

ಆ ಮಾತು ಬಾಗಿಲಲ್ಲಿ ನಿಂತ ಭೂತಯ್ಯನ ಕಿವಿಗೂ ಬಿತ್ತು.

"ಬಿಡ್ತು ಅನ್ನಿ ಸಿಸ್ಟರ್! ಅದು ಚಗಳಿ ಶಾಪ. ಎಣ್ಣೆ ಮಂತ್ರಿಸಿ ತಂದು ಹಚ್ತೀನಿ, ಹೋಯ್ತದೆ. ಆಸ್ಪತ್ರೆಗೆ ಹೋದ್ರೆ ಊರೆಲ್ಲ ಗೊತ್ತಾಗ್ತದೆ."

"ಅವಳ ಸೋದರತ್ತೆ ಮುತ್ತಮ್ಮಂಗೂ ಇದೇ ಇತ್ತಂತೆ. ವಂಶದ್ದಾ?" ಎಂದು ಅವನೇ ಅಳುಕುತ್ತ ಮತ್ತೆ ಕೇಳಿದ.

"ವಂಶದ್ದೂ ಅಲ್ಲ, ಶಾಪವೂ ಅಲ್ಲ ಭೂತಯ್ಯ. ಕಣ್ಣಿಗೆ ಕಾಣದ ರೋಗಾಣು. ಮುತ್ತಮ್ಮನ ಕಾಲದಲ್ಲಿ ಇದನ್ನ ವಾಸಿಮಾಡೋ ಮಾತ್ರೆ ಇರ್ಲಿಲ್ಲ, ಈಗ ಇದೆ. ದುಡ್ಡು ಕೊಡೋದೂ ಬೇಡ. ಮಾತ್ರೆ ಶುರುವಾದ್ರೆ ಬೇರೆಯವ್ರಿಗೆ ಹರಡೋದೂ ನಿಲ್ತದೆ. ಒಟ್ಟಿಗೆ ಉಣ್ಣಬಹುದು, ಒಟ್ಟಿಗೆ ಮಲಗಬಹುದು, ಕೆಲಸಕ್ಕೂ ಹೋಗಬಹುದು. ತಡ ಮಾಡಿದ್ರೆ ಮಾತ್ರ ಬೆರಳು ಮಡಚಿಹೋಗ್ತದೆ, ಆಮೇಲೆ ಅದನ್ನ ನೆಟ್ಟಗೆ ಮಾಡೋಕೆ ಮಾತ್ರೆಗೂ ಆಗಲ್ಲ."

ಭೂತಯ್ಯ ತಲೆ ತಗ್ಗಿಸಿದ. ದೇವೀರಮ್ಮ ಗಂಡನ ಮುಖ ನೋಡಿ ಒಂದೇ ಮಾತು ಕೇಳಿದಳು.

"ನಂಗೂ ಗದ್ದೆ ಅಂಚಲ್ಲಿ ಗುಡಿಸಲು ಕಟ್ತೀರಾ?"

ಆಗ ಸಿಸ್ಟರ್ ಅಂದರು, "ದೇವೀರಮ್ಮ, ದೂರದಿಂದ ನಡ್ಕೊಂಡು ಬಂದಿದೀನಿ. ಒಂದು ಲೋಟ ಬೆಲ್ಲದ ಕಾಫಿ ನಿಮ್ಮ ಕೈಯಾರೆ ಮಾಡಿ ಕೊಡಲ್ವಾ? ಪಾತ್ರೆ ಬಟ್ಟೆಯಲ್ಲಿ ಹಿಡೀರಿ, ಸುಟ್ರೂ ಆ ಕೈಗೆ ತಿಳಿಯಲ್ಲ."

ಕಾಫಿ ಬಂತು. ಸಿಸ್ಟರ್ ಲೋಟದ ತಳ ಕಾಣುವವರೆಗೂ ಕುಡಿದರು. ಭೂತಯ್ಯ ನೋಡುತ್ತಲೇ ಇದ್ದ. ಆಮೇಲೆ ಒಳಗೆ ಹೋಗಿ ತನ್ನ ಲೋಟ ತಂದು ಹೆಂಡತಿಯ ಮುಂದೆ ಹಿಡಿದ. "ನಂಗೂ ಹಾಕು. ನಾಳೆ ಮೊದಲ್ನೇ ಬಸ್ಸಿಗೆ ಹೋಗೋಣ."

ಡಾಕ್ಟರು ಪರೀಕ್ಷೆ ಮಾಡಿ ಕುಷ್ಠವೆಂದೇ ಹೇಳಿದರು. ದಿನಾ ನುಂಗುವ ಮಾತ್ರೆಗಳ ಪಟ್ಟಿ, ತಿಂಗಳಿಗೊಂದು. ಕೆಲವರಿಗೆ ಆರು ತಿಂಗಳು, ಇವಳಿಗೆ ಹನ್ನೆರಡು. ಮೊಣಕೈಯ ನರ ಊದಿದ್ದಕ್ಕೆ ಬೇರೆ ಮಾತ್ರೆ. "ಪ್ರತಿ ಪಟ್ಟಿಯ ಮೊದಲ ದಿನ ಮೂತ್ರ ಕೆಂಪಗೆ ಹೋಗ್ತದೆ, ಹೆದರಿ ನಿಲ್ಲಿಸ್ಬೇಡಿ. ಏನೇ ತೊಂದರೆಯಾದ್ರೂ ಇಲ್ಲಿಗೇ ಬನ್ನಿ," ಎಂದು ಕಳಿಸಿದರು. ಭೂತಯ್ಯ ದಿನಾ ಮಾತ್ರೆ ಕೊಟ್ಟು, ನುಂಗಿದಳೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡುತ್ತಿದ್ದ. "ನಾನೇನು ನಿಮ್ಮ ಕರುವಾ?" ಎಂದು ಅವಳು ಗದರುತ್ತಿದ್ದಳು.

ಬೇಸಗೆಯ ಮೊದಲ ಮಳೆಗೆ ತೋಟವೆಲ್ಲ ಬಿಳಿ ಹೂವಾಯಿತು. ಆ ಪರಿಮಳದಲ್ಲಿ ಮಧ್ಯಾಹ್ನ ಕಣ್ಣು ಮುಚ್ಚಿದ ದೇವೀರಮ್ಮನಿಗೆ ಅದೇ ಇರುವೆ ಸಾಲು ಕನಸಾಯಿತು. ಈ ಸಲ ಸಾಲು ತೋಳು ಹತ್ತಿ ವಾಪಸು ಬರುತ್ತಿತ್ತು, ತಲೆಯ ಮೇಲೆ ಅದೇ ಸಾಸಿವೆಯಷ್ಟು ಹೊರೆ. ಎದ್ದು ಕಿರುಬೆರಳು ಮುಟ್ಟಿಕೊಂಡಳು. ಎಲ್ಲೋ ದೂರದಲ್ಲಿ ಯಾರೋ ಕರೆದಂತೆ, ಮುಟ್ಟಿದ್ದು ಚೂರು ತಿಳಿಯಿತು. ಕನಸೇ ಇರಬೇಕು ಎಂದು ಯಾರಿಗೂ ಹೇಳಲಿಲ್ಲ.

ಮತ್ತೆ ಡಿಸೆಂಬರ್ ಬಂತು. ಮತ್ತೆ ಕೊಯ್ಲು, ಅದೇ ಮಂಜು. ಹನ್ನೆರಡನೇ ಪಟ್ಟಿ ಮುಗಿದ ವಾರ, ಕೊಂಬೆ ಬಗ್ಗಿಸಿದ ದೇವೀರಮ್ಮ ತೋಟ ನಡುಗುವಂತೆ ಕಿರುಚಿದಳು.

"ಏನಾಯ್ತೇ?" ಗಿಡ್ಡಮ್ಮ ಚೀಲ ಬಿಟ್ಟು ಓಡಿಬಂದಳು.

ಕಿರುಬೆರಳಿಗೆ ಒಂದು ಚಗಳಿ ಕಚ್ಚಿಕೊಂಡಿತ್ತು. ದೇವೀರಮ್ಮ ಅದನ್ನು ಕೊಡವಲಿಲ್ಲ. ಬೆರಳೆತ್ತಿ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ ನಗುತ್ತಿದ್ದಳು.

"ಉರೀತದೆ ಗಿಡ್ಡಿ! ಉರೀತದೆ ಮಾರಾಯ್ತಿ!"

ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ದೇವೀರಮ್ಮನಿಗೆ ಗಿಡ್ಡಮ್ಮ ಸಿಕ್ಕಳು, ಹೊತ್ತು ಮೀರುವ ಮೊದಲೇ ಸಿಕ್ಕಳು. ನಿಮ್ಮ ಕೈಕಾಲು ವಾರಗಟ್ಟಲೆ ಜುಮ್ಮೆನ್ನುತ್ತಿದೆಯೇ? ಮುಟ್ಟಿದ್ದು ತಿಳಿಯದ ಮಾಸಲು ಮಚ್ಚೆ ಇದೆಯೇ? ಈಗಲೇ ಬಿಸಿಲಿಗೆ ಹಿಡಿದು ನೋಡಿ, ಮನೆಯವರ ಬೆನ್ನನ್ನೂ ನೋಡಿ. ಮುಚ್ಚಿಡಬೇಡಿ, ಶಾಪವೆಂದು ಕಾಯಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಪಕ್ಕದ ಮನೆಯಲ್ಲಿ ಯಾರಾದರೂ ಸುಮ್ಮಸುಮ್ಮನೆ ತೋಳು ಕೊಡವುತ್ತಿದ್ದರೆ, ನೀವೇ ಅವರ ಗಿಡ್ಡಮ್ಮನಾಗಿ.