ಬೆಲ್ಲ ಬೆರೆಸಿದ ಗೋಡೆ

ನಮ್ಮದು ಜೋಡಿ ಮನೆ. ಒಂದೇ ಶೀಟಿನ ಮಾಡು, ನಡುವೆ ಒಂದು ಗೋಡೆ. ಆ ಕಡೆ ನನ್ನ ಗಂಡನ ದೊಡ್ಡಮ್ಮ, ನಾನು ಅತ್ತೆ ಎನ್ನುವ ಸಿದ್ದಾಜಮ್ಮ, ಈ ಕಡೆ ನಾವಿಬ್ಬರು. ಗುಂಡ್ಲುಪೇಟೆ ಕಡೆಯಿಂದ ಕಾಡಂಚಿನ ಮಸಿನಗುಡಿಗೆ ಬಂದ ನನ್ನ ಮಾವ, ಅವರ ಅಣ್ಣ ಮನೆ ಪಾಲು ಮಾಡಿಕೊಂಡಾಗ ಇಟ್ಟಿಗೆ ಸಾಲದೆ ಗೋಡೆಯನ್ನು ಆಳೆತ್ತರಕ್ಕೇ ನಿಲ್ಲಿಸಿದರಂತೆ. ಅಲ್ಲಿಂದ ಶೀಟಿನವರೆಗೆ ಎರಡು ಮೊಳ ಬರೀ ಗಾಳಿ. ಪುಣ್ಯಾತ್ಮರಿಬ್ಬರೂ ಹೋದರು. ಆ ಸಂದನ್ನು ಅನುಭವಿಸುವ ಯೋಗ ಮಾತ್ರ ನನ್ನ ಪಾಲಿಗೆ ಬಂತು.

ಹತ್ತೊಂಬತ್ತು ವರ್ಷ! ನಾನು ಸಾರಿಗೆ ಒಗ್ಗರಣೆ ಹಾಕಿದರೆ ಆ ಕಡೆಯಿಂದ, “ಸುನೀತಾ, ಸಾಸ್ವೆ ಸೀದೋಯ್ತು ಕನವ್ವ” ಎಂದು ಬರುತ್ತಿತ್ತು. ಸೀನಿದರೆ, “ಬಿಸ್ನೀರ್ ಕುಡಿ.” ಮದುವೆಯ ಹೊಸತರಲ್ಲಿ ನಾನೂ ಪುಟ್ಟರಾಜುವೂ ಮಂಚದ ಮೇಲೆ ಪಿಸುಗುಟ್ಟುತ್ತಿದ್ದರೆ ಮೇಲಿನಿಂದ ಅತ್ತೆಯ ಆಕಳಿಕೆ ಇಳಿದುಬರುತ್ತಿತ್ತು. ನಮಗೆ ಮಕ್ಕಳಾಗದ್ದಕ್ಕೆ ಡಾಕ್ಟರು ಏನೇನೋ ಕಾರಣ ಕೊಟ್ಟರು. ನನ್ನನ್ನು ಕೇಳಿದ್ದರೆ ಆ ಸಂದನ್ನು ತೋರಿಸುತ್ತಿದ್ದೆ.

ಹಾಗಾಗಿ ಈ ವರ್ಷ ನಮ್ಮ ಕಡೆಯ ರಿಪೇರಿಗೆ ಕೈ ಹಾಕಿದಾಗ ನನಗೆ ಬೇಕಾಗಿದ್ದದ್ದು ಟೈಲ್ಸೂ ಅಲ್ಲ, ಬಣ್ಣವೂ ಅಲ್ಲ. ಗೋಡೆ ಶೀಟಿಗೆ ಮುಟ್ಟಬೇಕು. ನನ್ನ ಮನೆಯಲ್ಲಿ ನಾನಾಡಿದ ಮಾತು, ನಾನು ಸಾಯುವುದರೊಳಗೆ ಒಂದು ದಿನವಾದರೂ, ನನ್ನ ಮನೆಯಲ್ಲೇ ಉಳಿಯಬೇಕು.

ಮೇಸ್ತ್ರಿ ಶಕ್ತಿವೇಲ್ ಬೊಕ್ಕಾಪುರಂ ಕಡೆಯ ರೆಸಾರ್ಟುಗಳಲ್ಲಿ ಕೆಲಸ ಮಾಡಿ ಬುದ್ಧಿ ಬೆಳೆಸಿಕೊಂಡವನು. “ಸಿಮೆಂಟ್ ವೇಂಡಾಂ, ಬೇಡ ಅಕ್ಕಾ” ಎಂದ. “ಗೋಡೆ ಏರ್ಸಿ ದಪ್ಪಗೆ ಸುಣ್ಣದ ಗಾರೆ ಹಾಕಣ. ಬೆಲ್ಲದ ನೀರಲ್ಲಿ ಕಲ್ಸಿದ್ರೆ ಕಲ್ಲು. ಆಕಡೆ ಬಾಂಬ್ ಬಿದ್ರೂ ಈಕಡೆ ಕೇಳಲ್ಲ.” ನನಗೆ ಬೇಕಾಗಿದ್ದದ್ದೂ ಅದೇ.

ಮಸಿನಗುಡಿಯಲ್ಲಿ ಹಿತ್ತಿಲಲ್ಲಿ ಹಲಸಿನ ಮರ ಉಳಿಸಿಕೊಂಡವರನ್ನು ನಾವು ಹುಚ್ಚರೆನ್ನುತ್ತೇವೆ. ಉಪ್ಪು, ರಾಗಿ, ಬಾಳೆಗೊನೆ ಯಾವುದನ್ನೂ ಹೊರಗೆ ಬಿಡುವುದಿಲ್ಲ. ಆನೆಯ ಮೂಗು ಎಷ್ಟುದ್ದವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ನಾನು ಅರ್ಧ ಮೂಟೆ ಬೆಲ್ಲವನ್ನು ಡ್ರಮ್ಮಿನಲ್ಲಿ ನೆನೆಹಾಕಿಸಿ ಹಿತ್ತಿಲ ಬಾಗಿಲ ಪಕ್ಕ ಇಡಿಸಿದೆ. ಅದು ಅಡುಗೆಮನೆಯ ಬೆಲ್ಲವಲ್ಲವಲ್ಲ! ಮರಳು, ಇಟ್ಟಿಗೆಯ ಜೊತೆ ಒಂದೇ ಟೆಂಪೋದಲ್ಲಿ ಬಂದ ಗೋಡೆಯ ಬೆಲ್ಲ. ದಿನಾ ಪ್ರವಾಸಿಗರನ್ನು ಜೀಪಿನಲ್ಲಿ ತುಂಬಿಕೊಂಡು ತೆಪ್ಪಕಾಡಿನ ಆನೆ ಶಿಬಿರಕ್ಕೆ ಹೋಗಿ ಆನೆಯ ಬಗ್ಗೆ ಭಾಷಣ ಬಿಗಿಯುವ ನನ್ನ ಗಂಡನಿಗೂ ಹೊಳೆಯಲಿಲ್ಲ.

ಗೋಡೆ ಎದ್ದಿತು. ಅದೇ ಆವೇಶದಲ್ಲಿ ಮುಂದಿನ ಜಗಲಿಯ ನಡುವೆ ಕಬ್ಬಿಣದ ಗ್ರಿಲ್ಲನ್ನೂ ಹಾಕಿಸಿದೆ. ಇನ್ನು ಅತ್ತೆ ನಮ್ಮ ಬಾಗಿಲಿಗೆ ಬರಬೇಕಾದರೆ ಅವಳ ಕಡೆಯ ಮೆಟ್ಟಿಲಿಳಿದು, ಅಂಗಳ ಸುತ್ತಿ ಬರಬೇಕು.

ಮೂರು ದಿನ ಸ್ವರ್ಗ. ಪರೀಕ್ಷೆ ಮಾಡಲೆಂದು ಸಾಸಿವೆಯನ್ನು ಬೇಕೆಂದೇ ಸೀಯಿಸಿದೆ. ಒಂದು ಸೊಲ್ಲಿಲ್ಲ. ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ಚಮಚ ಸೀಯಿಸಿದೆ.

ನಾಲ್ಕನೆಯ ದಿನ ಪುಟ್ಟರಾಜು ಜೀಪು ತೆಗೆದುಕೊಂಡು ಹೋಗಿಯಾಗಿತ್ತು. ಬಿಸಿಲು ಬಿದ್ದಿತ್ತು. ಕಾಫಿಗೆ ನೀರಿಟ್ಟು ಹಿತ್ತಿಲ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದೆ, ಅಷ್ಟರಲ್ಲಿ ಮುಂಬಾಗಿಲು ದಡದಡ ಬಡಿಯಿತು. ಬಯ್ದುಕೊಳ್ಳುತ್ತಲೇ ಹೋಗಿ ತೆಗೆದರೆ ಅತ್ತೆ. ಎಪ್ಪತ್ತಾರು ವರ್ಷ, ಎರಡು ಮೊಣಕಾಲೂ ಕೆಟ್ಟವಳು. ಕೈಯಲ್ಲೊಂದು ಸೊಟ್ಟಗಾದ ಸ್ಟೀಲ್ ತಟ್ಟೆ.

“ಹಿಂದ್ಲ ಬಾಗ್ಲು ತೆಗೀಬ್ಯಾಡ ಕನವ್ವ” ಎಂದು ಏದುಸಿರು ಬಿಟ್ಟಳು. “ಸಲ್ಗ ನಿಂತದೆ. ಆಗ್ಲಿಂದ ಕೂಗ್ತಿವ್ನಿ, ಗೋಡೆಗೆ ತಟ್ಟೇಲಿ ಬಡೀತಿವ್ನಿ. ನಿಂಗೆ ಕೇಳ್ನೇ ಇಲ್ವಾ?”

ಮಾತು ಮುಗಿಯುವುದರೊಳಗೆ ಹಿತ್ತಿಲ ಬಾಗಿಲು ಚೌಕಟ್ಟಿನ ಸಮೇತ ಒಳಗೆ ಬಿತ್ತು. ಒಂದು ಗಳಿಗೆಯ ಹಿಂದೆ ನಾನು ನಿಂತಿದ್ದ ಜಾಗದಲ್ಲೇ ಬಿತ್ತು. ಸೊಂಡಿಲು ಒಳಗೆ ಬಂದು, ಒಲೆಯ ಪಕ್ಕ ನಾನು ಜೋಡಿಸಿಟ್ಟಿದ್ದ ಮಿಕ್ಕ ಬೆಲ್ಲವನ್ನು ಆತುರವಿಲ್ಲದೆ ತಡಕಾಡಿತು. ಅತ್ತೆಯನ್ನು ಎತ್ತಿಕೊಂಡು ಎದುರುಮನೆ ಪಂಕಜಂ ಮನೆಗೆ ಓಡಿದೆ. ಫಾರೆಸ್ಟಿನವರು ಬಂದು ಪಟಾಕಿ ಹೊಡೆಯುವಷ್ಟರಲ್ಲಿ ಆನೆ ಡ್ರಮ್ಮಿನಲ್ಲಿ ಉಳಿದಿದ್ದ ಬೆಲ್ಲದ ನೀರನ್ನೂ ಮುಗಿಸಿ, ಡ್ರಮ್ಮನ್ನು ತುಳಿದು ಚಪ್ಪಟೆ ಮಾಡಿ ಹೋಗಿತ್ತು.

ಮಧ್ಯಾಹ್ನ ಶಕ್ತಿವೇಲ್ ಬಂದು ತಲೆ ಕೆರೆದುಕೊಂಡು ನಿಂತ.

“ಬಾಗಿಲು ಆಮೇಲೆ. ಮೊದ್ಲು ಆ ಗೋಡೆ ಮೇಲ್ಗಡೆ ಒಡಿ. ಮುಂಚೆ ಇದ್ದಷ್ಟೇ ಸಂದು ಬಿಡು” ಎಂದೆ.

“ಬ್ಯಾಡ ಬುಡಪ್ಪ” ಎಂದಳು ಅತ್ತೆ. ಬಿದ್ದ ಬಾಗಿಲ ಮೇಲೆಯೇ ಕಾಲು ಚಾಚಿ ಕೂತಿದ್ದಳು.

“ಅತ್ತೆ, ನೀವು ಕೂಗಿದ್ದು ಕೇಳ್ದೆ ನಾನು ಸತ್ತೇ ಹೋಗ್ತಿದ್ದೆ.”

“ದಿನಾ ಆನೆ ಬಂದದಾ? ಇರ್ಲಿ ಬುಡು ಗೋಡೆ. ನಂಗೂ ಮೂರ್ ದಿನದಿಂದ ಚೆಂದಾಗಿ ನಿದ್ದೆ ಬತ್ತಾ ಅದೆ.” ಮೊಣಕಾಲು ಉಜ್ಜಿಕೊಂಡಳು. “‘ಈ ಮುದ್ಕಿ ಯಾವಾಗ ಸತ್ತಾಳೋ’ ಅಂತ ನೀನು ಪುಟ್ಟರಾಜುನ್ನ ಕೇಳ್ತಿದ್ದೆಯಲ್ಲ, ಅದು ನಂಗೆ ಕೇಳ್ತಿತ್ತು ಕನವ್ವ. ಒಂದಿನ ಎರಡ್ ದಿನ ಅಲ್ಲ, ಹತ್ತೊಂಬತ್ ವರ್ಸ.”

ಬಯ್ಯುವ ದನಿಯೇ ಅಲ್ಲ ಅದು. ಸಾಸಿವೆ ಸೀದಿದೆ ಎನ್ನುತ್ತಿದ್ದಳಲ್ಲ, ಅದೇ ದನಿ.

ಆ ಮಾತು ಆಕೆಗೆ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದರೆ ಅದು ಸುಳ್ಳು. ಕೇಳಿಸಲಿ ಎಂದೇ ಎಷ್ಟೋ ಸಲ ಮುಖವನ್ನು ಸಂದಿನ ಕಡೆ ಎತ್ತಿ ಹೇಳಿದ್ದೆ. ಅದನ್ನೆಲ್ಲ ಕೇಳಿಸಿಕೊಂಡ ಮುದುಕಿ ಬೆಳಗ್ಗೆ ಹಿತ್ತಿಲಲ್ಲಿ ಆನೆಯಿರುವಾಗಲೇ ಅಂಗಳಕ್ಕೆ ಇಳಿದು ನನಗಾಗಿ ಬಂದಿದ್ದಳು. ನಾಚಿಕೆಯಿಂದ ಮೈ ಹಿಡಿಯಾಯಿತು.

“ತಪ್ಪಾಯ್ತು ಅತ್ತೆ” ಎಂದೆ, ಆದಷ್ಟು ಮೆಲ್ಲಗೆ.

“ಏನಂದೆ? ಕೇಳ್ನಿಲ್ಲ.”

ಶಕ್ತಿವೇಲ್ ಸುತ್ತಿಗೆ ಹಿಡಿದು ನಿಂತಿದ್ದ. ಬಾಗಿಲಿಲ್ಲದ ಹಿತ್ತಿಲಲ್ಲಿ ಪಂಕಜಂ, ಅವಳ ಹಿಂದೆ ಆನೆ ಮಾಡಿದ ಹಾನಿ ನೋಡಲು ಬಂದ ಅರ್ಧ ಊರು. ನಾನು ಗಂಟಲು ಸರಿಮಾಡಿಕೊಂಡು, ಅಷ್ಟೂ ಜನಕ್ಕೆ ಕೇಳುವಂತೆ ಮತ್ತೊಮ್ಮೆ ಹೇಳಿದೆ.